ಮೊದಲು ಗೇಟು, ಆಮೇಲೆ ಒಲಿಂಪಿಕ್ಸ್

2025ರ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮೊದಲ ವಾರದವರೆಗೆ ದೆಹಲಿಯ ಜವಾಹರಲಾಲ್ ನೆಹರೂ ಕ್ರೀಡಾಂಗಣದಲ್ಲಿ ವಿಶ್ವ ಪ್ಯಾರಾ ಅಥ್ಲೆಟಿಕ್ಸ್ ಚಾಂಪಿಯನ್‌ಷಿಪ್ ನಡೆದಿತ್ತು. ನೂರಕ್ಕೂ ಹೆಚ್ಚು ದೇಶಗಳ ಸ್ಪರ್ಧಿಗಳು ಬಂದಿದ್ದರು. ಹೊಸ ನೀಲಿ ಟ್ರ್ಯಾಕು. ಆರು ಚಿನ್ನ ಸೇರಿ 22 ಪದಕ ನಮ್ಮವರಿಗೆ. ಇಷ್ಟೆಲ್ಲ ಆದರೂ ಆ ಕೂಟದ ಹೆಸರು ಹೊರದೇಶದ ಪತ್ರಿಕೆಗಳಲ್ಲಿ ಜೋರಾಗಿ ಓಡಾಡಿದ್ದು ಅಕ್ಟೋಬರ್ 3ರಂದು. ಕೀನ್ಯಾದ ಒಬ್ಬ ಕೋಚ್‌ಗೂ ಜಪಾನಿನ ಒಬ್ಬ ಕೋಚ್‌ಗೂ ಅವತ್ತು ಕ್ರೀಡಾಂಗಣದ ಆವರಣದೊಳಗೇ ಬೀದಿನಾಯಿ ಕಚ್ಚಿತ್ತು.

ಬಾಗಲಕೋಟೆಯ ವಿದ್ಯಾಗಿರಿಯ ಕಾಲೇಜು ಮೈದಾನದಲ್ಲಿ ಬೆಳಿಗ್ಗೆ ಅಡ್ಡಾಡಲು ಬರುವ ನಮ್ಮ ಗುಂಪಿನಲ್ಲಿ ಒಬ್ಬರಿಗೆ ಇದರಿಂದ ಭಾರಿ ಸಿಟ್ಟು. ಬ್ಯಾಂಕಿನಿಂದ ನಿವೃತ್ತರಾದವರು, ಲೆಕ್ಕದ ಮನುಷ್ಯ. "ಅಲ್ರೀ ಸರ, ಇಪ್ಪತ್ತೆರಡು ಪದಕ ಒಂದ್ ಕಡೆ, ನಾಯಿ ಒಂದ್ ಕಡೆ. ನಾಯಿದ ಸುದ್ದಿ ದೊಡ್ಡದಾಗೂದು ನ್ಯಾಯ ಏನ್ರಿ?" ಎಂದರು. ನ್ಯಾಯ ಅಲ್ಲ. ಆದರೆ ಕೀನ್ಯಾದ ಆ ಕೋಚ್ ಊರಿಗೆ ಹೋಗಿ ಮನೆಯವರಿಗೆ ಮೊದಲು ಏನು ಹೇಳಿರುತ್ತಾನೆ, ನಮ್ಮ ಪದಕಪಟ್ಟಿಯನ್ನೋ, ತನ್ನ ಕಾಲಿಗೆ ಬಿದ್ದ ಹಲ್ಲನ್ನೋ?

ನಾನು ದೈಹಿಕ ಶಿಕ್ಷಣ ನಿರ್ದೇಶಕನಾಗಿ ನಿವೃತ್ತನಾದವನು. ಹುದ್ದೆಯ ಹೆಸರು ದೊಡ್ಡದು. ಹುಡುಗರ ಬಾಯಲ್ಲಿ ಪಿ.ಟಿ. ಸರ್, ಅಷ್ಟೇ. ಕಾಲೇಜು ಕೂಟಗಳನ್ನು ನಡೆಸಿದ್ದೇನೆ, ತಂಡ ಕಟ್ಟಿಕೊಂಡು ಧಾರವಾಡ, ಕಾರವಾರ, ಗದಗ ಅಂತ ಅಲೆದಿದ್ದೇನೆ. ಕೂಟ ನಡೆಸುವುದೆಂದರೆ ಮುಕ್ಕಾಲು ಪಾಲು ಆಟದ ಕೆಲಸವೇ ಅಲ್ಲ. ಕ್ಲಾಸಿನ ಬೆಂಚು ಎತ್ತಿಸಿ ಜಮಖಾನೆ ಹಾಸಬೇಕು, ನೀರಿನ ಟ್ಯಾಂಕರಿಗೆ ಹೇಳಬೇಕು, ರೊಟ್ಟಿ ಎಷ್ಟು ಬೇಕೆಂದು ಖಾನಾವಳಿಗೆ ಹಿಂದಿನ ದಿನವೇ ತಿಳಿಸಬೇಕು, ಹುಡುಗಿಯರ ಶೌಚಾಲಯದ ಚಿಲಕ ನೆಟ್ಟಗಿದೆಯೇ ಎಂದು ಖುದ್ದು ನೋಡಬೇಕು. ಒಂದು ಊರಿಗೆ, ಹೆಸರು ಬೇಡ, ನಮ್ಮ ಹುಡುಗಿಯರ ಕಬಡ್ಡಿ ತಂಡ ಹೋಗಿತ್ತು. ಉದ್ಘಾಟನೆಗೆ ಮಂತ್ರಿಗಳು ಬಂದಿದ್ದರು, ಡೊಳ್ಳು ಕುಣಿತ ಇತ್ತು, ಶಾಲು, ಹಾರ, ಸ್ಮರಣಿಕೆ ಯಾವುದಕ್ಕೂ ಕೊರತೆ ಇರಲಿಲ್ಲ. ಸಂಜೆ ಆರಕ್ಕೆ ಶೌಚಾಲಯಕ್ಕೆ ಬೀಗ; ಕೀಲಿ ಇದ್ದ ಸಿಪಾಯಿ ಮನೆಗೆ ಹೋಗಿದ್ದ. ಆ ಹುಡುಗಿಯರಿಗೆ ಈಗ ಮಕ್ಕಳಾಗಿದ್ದಾರೆ. ಎಲ್ಲಿಯಾದರೂ ಸಿಕ್ಕು ಆ ಊರಿನ ಹೆಸರು ಬಂತೆಂದರೆ ಬೀಗದ ಕಥೆಯೇ ಮೊದಲು. ಮಂತ್ರಿ ಯಾರು ಬಂದಿದ್ದರು ಎಂದು ಕೇಳಿ ನೋಡಿ, ಒಬ್ಬರಿಗೂ ನೆನಪಿಲ್ಲ.

ದೇಶದ ಲೆಕ್ಕವೂ ಇದಕ್ಕಿಂತ ಬಹಳ ಬೇರೆಯಲ್ಲ. 2010ರ ಅಕ್ಟೋಬರ್ 3ರಿಂದ 14ರವರೆಗೆ ದೆಹಲಿಯಲ್ಲಿ ನಡೆದ ಕಾಮನ್‌ವೆಲ್ತ್ ಕೂಟವನ್ನೇ ನೋಡಿ. ಶುರುವಾಗಲು ಎರಡು ವಾರ ಇಲ್ಲದಾಗ, ಸೆಪ್ಟೆಂಬರ್ 21ರಂದು, ಮುಖ್ಯ ಕ್ರೀಡಾಂಗಣದ ಪಕ್ಕದ ಕಾಲುಸೇತುವೆ ಕುಸಿದು ಇಪ್ಪತ್ತಕ್ಕೂ ಹೆಚ್ಚು ಕಾರ್ಮಿಕರು ಗಾಯಗೊಂಡರು. ಮಾರನೇ ದಿನ ವೇಟ್‌ಲಿಫ್ಟಿಂಗ್ ನಡೆಯಬೇಕಿದ್ದ ಕಡೆ ಒಳಛಾವಣಿಯ ತುಂಡು ಬಿತ್ತು. ಕ್ರೀಡಾಗ್ರಾಮದ ಕೊಳಕು ಬಚ್ಚಲುಗಳ ಫೋಟೊಗಳು ಲಂಡನ್ನಿನಿಂದ ಸಿಡ್ನಿವರೆಗೆ ಅಚ್ಚಾದವು. ಅಷ್ಟರ ಮೇಲೆ ಸಂಘಟನಾ ಸಮಿತಿಯ ಹಿರಿಯರೊಬ್ಬರು, ಸ್ವಚ್ಛತೆಯ ಮಟ್ಟ ಒಬ್ಬೊಬ್ಬರಿಗೆ ಒಂದೊಂದು ಥರ ಇರುತ್ತದೆ ಎಂಬರ್ಥದ ಸಮಜಾಯಿಷಿ ಕೊಟ್ಟರು. ಬಚ್ಚಲಿಗಿಂತ ಆ ಮಾತು ಹೆಚ್ಚು ನಾರಿತು. ಬಚ್ಚಲನ್ನು ನಾಲ್ಕು ದಿನದಲ್ಲಿ ತೊಳೆದರು. ಮಾತನ್ನು ತೊಳೆಯುವುದು ಹೇಗೆ?

ಡಿಸ್ಕಸ್ ಎಸೆತದ ಆಗಿನ ವಿಶ್ವ ಚಾಂಪಿಯನ್, ಆಸ್ಟ್ರೇಲಿಯಾದ ಡ್ಯಾನಿ ಸ್ಯಾಮ್ಯುಯೆಲ್ಸ್ ಬರುವುದಿಲ್ಲ ಎಂದುಬಿಟ್ಟರು. ಮುಂದೆ ಅದೇ ಸ್ಪರ್ಧೆಯಲ್ಲಿ ಮೂರೂ ಪದಕ ಭಾರತದ ಹೆಣ್ಣುಮಕ್ಕಳಿಗೆ ಬಂದವು. ಕೃಷ್ಣಾ ಪೂನಿಯಾ ಗೆದ್ದದ್ದು 1958ರಲ್ಲಿ ಮಿಲ್ಖಾ ಸಿಂಗ್ ಗೆದ್ದ ಮೇಲೆ ಕಾಮನ್‌ವೆಲ್ತ್ ಅಥ್ಲೆಟಿಕ್ಸ್‌ನಲ್ಲಿ ನಮಗೆ ಬಂದ ಮೊದಲ ಚಿನ್ನ. ಪುರುಷರ ಡಿಸ್ಕಸ್‌ನಲ್ಲಿ ನಮ್ಮ ವಿಕಾಸ್ ಗೌಡ ಬೆಳ್ಳಿ ತಂದರು. ಕುಂದಾಪುರ ಕಡೆಯ ಅಶ್ವಿನಿ ಅಕ್ಕುಂಜಿ ಇದ್ದ ರಿಲೇ ತಂಡ ಚಿನ್ನ ಗೆದ್ದ ಸಂಜೆ ಇಡೀ ಕ್ರೀಡಾಂಗಣ ಎದ್ದು ನಿಂತಿತ್ತು. ಕೊನೆಯ ದಿನ ಕೊಡಗಿನ ಮೂಲದ ಅಶ್ವಿನಿ ಪೊನ್ನಪ್ಪ ಜ್ವಾಲಾ ಗುಟ್ಟಾ ಜೊತೆ ಡಬಲ್ಸ್ ಗೆದ್ದರು, ಸೈನಾ ನೆಹ್ವಾಲ್ ಸಿಂಗಲ್ಸ್ ಗೆದ್ದರು. ಆ ಚಿನ್ನದಿಂದಲೇ ಭಾರತ 38, ಇಂಗ್ಲೆಂಡ್ 37. ಒಟ್ಟು 101 ಪದಕ, ಆಸ್ಟ್ರೇಲಿಯಾದ ನಂತರ ಎರಡನೇ ಸ್ಥಾನ. (ಅದೇ ದಿನ ಹಾಕಿ ಫೈನಲ್‌ನಲ್ಲಿ 8-0 ಅಂತ ಸೋತೆವು, ಅದು ಬೇರೆ ನೋವು.) ಟಿ.ವಿ. ಮುಂದೆ ಕೂತು ನಾನು ಕಿರುಚಿದ್ದಕ್ಕೆ ಪಕ್ಕದ ಮನೆಯವರು ಓಡಿಬಂದಿದ್ದರು.

ಇವೆಲ್ಲ ನಮಗೆ ನೆನಪಿವೆ. ಹೊರಗಿನವರಿಗೆ ನೆನಪಿರುವುದು ಬಚ್ಚಲು. 2011ರಲ್ಲಿ ಸಂಘಟನಾ ಸಮಿತಿಯ ಅಧ್ಯಕ್ಷರ ಬಂಧನವಾಯಿತು, ಸಿಎಜಿ ವರದಿ ಬಂತು, ಅದೂ ಜಗತ್ತಿನ ಸುದ್ದಿಯೇ ಆಯಿತು. 2025ರ ಏಪ್ರಿಲ್‌ನಲ್ಲಿ, ಅಕ್ರಮ ಹಣ ವರ್ಗಾವಣೆಗೆ ಪುರಾವೆ ಸಿಕ್ಕಿಲ್ಲವೆಂದು ಜಾರಿ ನಿರ್ದೇಶನಾಲಯ ಕೊಟ್ಟ ಮುಕ್ತಾಯ ವರದಿಯನ್ನು ದೆಹಲಿಯ ನ್ಯಾಯಾಲಯ ಒಪ್ಪಿಕೊಂಡಿತು. ಆ ಸುದ್ದಿಯನ್ನು ಹೊರದೇಶದಲ್ಲಿ ಎಷ್ಟು ಜನ ಓದಿದರು? ಹೊರದೇಶ ಬಿಡಿ, ಬಾಗಲಕೋಟೆಯಲ್ಲಿ ಎಷ್ಟು ಜನ ಓದಿದರು? ಕಲೆ ಬೀಳಲು ಒಂದು ವಾರ ಸಾಕಾಯಿತು. ಕಡತ ಮುಚ್ಚಲು ಹದಿನೈದು ವರ್ಷ.

ಕೂಟಗಳಿಂದ ದೇಶಕ್ಕೆ ಒಳ್ಳೆಯ ಹೆಸರು ಬರುವುದೇ ಇಲ್ಲ ಎಂದು ನಾನು ವಾದಿಸುತ್ತಿಲ್ಲ. 1964ರಲ್ಲಿ ಟೋಕಿಯೊ ಒಲಿಂಪಿಕ್ಸ್ ಶುರುವಾಗುವ ಒಂಬತ್ತು ದಿನ ಮೊದಲು ಜಪಾನ್ ತನ್ನ ಬುಲೆಟ್ ರೈಲು ಓಡಿಸಿತು. ಯುದ್ಧದಲ್ಲಿ ಸುಟ್ಟುಹೋಗಿದ್ದ ದೇಶವನ್ನು ಜನ ಹೊಸ ಕಣ್ಣಿನಿಂದ ನೋಡಿದರು. ಆದರೆ ಆ ರೈಲು ಅತಿಥಿಗಳು ಹೋದ ಮೇಲೂ ಓಡಿತು, ಇವತ್ತೂ ಓಡುತ್ತಿದೆ. ನಾಟಕ ಕಂಪನಿಯ ಪರದೆಯ ಹಾಗೆ ಸುತ್ತಿ ಇಡಲಿಲ್ಲ.

ದೆಹಲಿಯಲ್ಲೂ ಒಂದು ವಸ್ತು ಹಾಗೆ ಉಳಿಯಿತು, ಅದನ್ನು ಯಾರೂ ಹೊಗಳುವುದಿಲ್ಲ. 2010ರ ಕೂಟಕ್ಕಾಗಿ ಇಂದಿರಾ ಗಾಂಧಿ ಕ್ರೀಡಾ ಸಂಕೀರ್ಣದಲ್ಲಿ ಕಟ್ಟಿದ ಒಳಾಂಗಣ ವೆಲೋಡ್ರೋಮ್. ಸೈಕಲ್ ಓಟದ ಮರದ ಟ್ರ್ಯಾಕು, ತಿರುವುಗಳು ಗೋಡೆಯಂತೆ ಮೇಲೆದ್ದಿರುತ್ತವೆ. ಆಗ ಅಲ್ಲಿ ನಮಗೆ ದೊಡ್ಡ ಪದಕಗಳೇನೂ ಬರಲಿಲ್ಲ. ಆದರೆ ಟ್ರ್ಯಾಕ್ ಉಳಿಯಿತು, ಅಲ್ಲಿ ಅಕಾಡೆಮಿ ಬಂತು, ಅಂಡಮಾನ್‌ನಿಂದ, ಮಣಿಪುರದಿಂದ ಹುಡುಗರು ಬಂದರು. 2019ರ ಆಗಸ್ಟ್‌ನಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ಆನ್ ಡೆರ್ ಓಡರ್‌ನಲ್ಲಿ ನಡೆದ ಜೂನಿಯರ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಭಾರತದ ಹುಡುಗರು ಟೀಮ್ ಸ್ಪ್ರಿಂಟ್ ಚಿನ್ನ ಗೆದ್ದರು. ಸೈಕ್ಲಿಂಗ್ ಎಂದರೆ ತಮ್ಮ ಮನೆಯ ಆಟ ಎಂದುಕೊಂಡಿದ್ದ ಯುರೋಪಿನವರು ಆ ದಿನ ನಮ್ಮನ್ನು ತಿರುಗಿ ನೋಡಿದರು. 2010ರ ಖರ್ಚಿನಲ್ಲಿ ದೇಶಕ್ಕೆ ನಿಜವಾದ ಹೆಸರು ತಂದ ಭಾಗ ಯಾವುದು ಎಂದರೆ ನಾನು ಅದನ್ನೇ ತೋರಿಸುತ್ತೇನೆ. ಉದ್ಘಾಟನೆಯ ರಾತ್ರಿ ಮೇಲೆ ಹಾರಿಸಿದ್ದ ಆ ದೊಡ್ಡ ಬಲೂನನ್ನಲ್ಲ.

ಈ ವಿಷಯ ನನಗೆ ಹತ್ತಿರದ್ದು. ಸೈಕ್ಲಿಂಗ್‌ನಲ್ಲಿ ಕರ್ನಾಟಕ ಅಂದರೆ ಬಹುಮಟ್ಟಿಗೆ ಬಾಗಲಕೋಟೆ ಮತ್ತು ವಿಜಯಪುರ. ಇಲ್ಲಿಯ ಕ್ರೀಡಾ ನಿಲಯಗಳ ಹುಡುಗ ಹುಡುಗಿಯರು ರಾಷ್ಟ್ರೀಯ ಕೂಟಗಳಿಂದ ಪದಕ ತರುವುದು ಇಲ್ಲಿ ಹೊಸ ಸುದ್ದಿಯಲ್ಲ. ಒಕ್ಕಲುತನದ ಮನೆಗಳ ಮಕ್ಕಳು. ನಸುಕಿನಲ್ಲಿ ಗದ್ದನಕೇರಿ ಕ್ರಾಸ್ ಕಡೆ ಹೋದರೆ ಕಬ್ಬಿನ ಟ್ರ್ಯಾಕ್ಟರ್, ಸಿಮೆಂಟ್ ಲಾರಿಗಳ ಮಗ್ಗುಲಲ್ಲೇ ಇವರ ಅಭ್ಯಾಸ. ವಿಜಯಪುರದಲ್ಲಿ ವೆಲೋಡ್ರೋಮ್ ಕಟ್ಟುತ್ತೇವೆಂದು ಶುರು ಮಾಡಿದ ಕಾಮಗಾರಿ ವರ್ಷಗಟ್ಟಲೆ ಕುಂಟಿತು. ದೇಶದ ಹೆಸರು ಮೇಲೇರಿಸುವ ಮಾತು ಕೇಳಿದಾಗಲೆಲ್ಲ ನನ್ನ ಕಣ್ಣ ಮುಂದೆ ಬರುವುದು ಆ ಲಾರಿಗಳ ಹಿಂಬದಿಯ ಕೆಂಪು ದೀಪ.

ಇನ್ನು ಮುಚ್ಚಿಡುವ ಚಟ. 2020ರ ಫೆಬ್ರುವರಿಯಲ್ಲಿ ಅಮೆರಿಕದ ಅಧ್ಯಕ್ಷ ಟ್ರಂಪ್ ಅಹಮದಾಬಾದಿಗೆ ಬಂದಾಗ ದಾರಿಯ ಬದಿಯ ಗುಡಿಸಲುಗಳು ಕಾಣದಿರಲೆಂದು ಗೋಡೆ ಕಟ್ಟಿದರು. ಗುಡಿಸಲು ಟ್ರಂಪ್ ಕಣ್ಣಿಗೆ ಬಿತ್ತೋ ಇಲ್ಲವೋ, ಗೋಡೆಯ ಫೋಟೊ ಮಾತ್ರ ಜಗತ್ತಿಗೆಲ್ಲ ತಲುಪಿತು. ಅದೇ ಅಹಮದಾಬಾದಿಗೆ ಈಗ 2030ರ ಕಾಮನ್‌ವೆಲ್ತ್ ಕೂಟ ಬಂದಿದೆ.

ಗೋಡೆ ಕಟ್ಟುವವರು ಯಾರು? ಬಾದಾಮಿ, ಹುನಗುಂದ ತಾಲ್ಲೂಕುಗಳ ಹಳ್ಳಿಗಳಿಂದ ಗೋವಾ, ಮಂಗಳೂರು, ಬೆಂಗಳೂರಿಗೆ ಗುಳೆ ಹೋಗುವ ಜನರನ್ನು ಕಂಡವರಿಗೆ ಈ ಪ್ರಶ್ನೆ ವಿಚಿತ್ರ ಅನಿಸಲಾರದು. 1982ರ ಏಷ್ಯನ್ ಕ್ರೀಡಾಕೂಟಕ್ಕೆ ದೆಹಲಿಯಲ್ಲಿ ಕ್ರೀಡಾಂಗಣ, ಫ್ಲೈಓವರ್ ಕಟ್ಟಿದ್ದೂ ಇಂಥ ಗುಳೆ ಬಂದ ಜನವೇ. ದಿನಗೂಲಿ 9 ರೂಪಾಯಿ 25 ಪೈಸೆ. ಅದರಲ್ಲಿ ಜಮಾದಾರ, ಅಂದರೆ ನಮ್ಮ ಕಡೆಯ ಮೇಸ್ತ್ರಿ, ಒಂದು ರೂಪಾಯಿ ತನ್ನ ಕಮಿಷನ್ ಎಂದು ಹಿಡಿಯುತ್ತಿದ್ದ. ಒಂದು ಪತ್ರದ ಮೂಲಕ ಆ ದೂರು ಸುಪ್ರೀಂ ಕೋರ್ಟಿಗೆ ಹೋಯಿತು. ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸುವುದು ಸಂವಿಧಾನದ 23ನೇ ವಿಧಿ ನಿಷೇಧಿಸಿರುವ ಬಲವಂತದ ದುಡಿಮೆ ಎಂದು ನ್ಯಾಯಮೂರ್ತಿ ಪಿ.ಎನ್. ಭಗವತಿ ಅವರ ಪೀಠ ತೀರ್ಪು ಕೊಟ್ಟಿತು. ಕಾನೂನು ಕಾಲೇಜಿನ ಹುಡುಗರು ಇವತ್ತಿಗೂ ಆ ತೀರ್ಪು ಓದುತ್ತಾರೆ. ಆದರೂ 2010ರಲ್ಲಿ ದೆಹಲಿ ಹೈಕೋರ್ಟ್ ನೇಮಿಸಿದ ಸಮಿತಿಗೆ ಕಂಡದ್ದು ಹೆಚ್ಚುಕಡಿಮೆ ಅದೇ ಚಿತ್ರ.

ಕತಾರ್ ದೇಶ 2022ರ ಫುಟ್‌ಬಾಲ್ ವಿಶ್ವಕಪ್ ನಡೆಸಿದ್ದು ಜಗತ್ತಿನ ಮೆಚ್ಚುಗೆ ಗಳಿಸಲು. ಮೊದಲು ಬಂದದ್ದು ಬೈಗುಳ. ನಮ್ಮವರೂ ನೇಪಾಳದವರೂ ಅಲ್ಲಿ ಬಿಸಿಲಲ್ಲಿ ದುಡಿಯುವ ಪರಿ ಹತ್ತು ವರ್ಷ ಸುದ್ದಿಯಾಯಿತು. ಒತ್ತಡ ತಾಳಲಾರದೆ ಆ ಸರ್ಕಾರ ಮಾಲೀಕನ ಅನುಮತಿ ಇಲ್ಲದೆ ಕೆಲಸ ಬದಲಿಸುವ ಹಕ್ಕು ಕೊಟ್ಟಿತು, ತಿಂಗಳಿಗೆ 1,000 ರಿಯಾಲ್ ಕನಿಷ್ಠ ಕೂಲಿ ನಿಗದಿ ಮಾಡಿತು. ಸಾಕಾಗುವಷ್ಟಲ್ಲ, ನಿಜ. ಆದರೆ ವಿಶ್ವಕಪ್ ಬಾರದಿದ್ದರೆ ಅಷ್ಟೂ ಆಗುತ್ತಿರಲಿಲ್ಲ. ಬೆಳಕು ಹಾಕಿಸಿಕೊಂಡ ಮೇಲೆ ಹಿತ್ತಲೂ ಕಾಣುತ್ತದೆ. ಹಿತ್ತಲು ಗುಡಿಸುವ ಮನಸ್ಸಿದ್ದವರಿಗೆ ಅದು ಒಳ್ಳೆಯದೇ.

ವೀಸಾ ವಿಷಯದಲ್ಲಿ ಹೀಗೊಂದು ಪಾಠ ನಮಗೂ ಆಗಿದೆ. 2019ರ ಫೆಬ್ರುವರಿಯಲ್ಲಿ, ಪುಲ್ವಾಮಾ ದಾಳಿಯ ಬೆನ್ನಿಗೇ, ದೆಹಲಿಯ ಶೂಟಿಂಗ್ ವಿಶ್ವಕಪ್‌ಗೆ ಪಾಕಿಸ್ತಾನದ ಸ್ಪರ್ಧಿಗಳಿಗೆ ವೀಸಾ ಸಿಗಲಿಲ್ಲ. ದೇಶದ ಸಿಟ್ಟು ಸಹಜವಾಗಿತ್ತು. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಮಾತ್ರ, ಭಾರತದಲ್ಲಿ ಕೂಟ ನಡೆಸುವ ಯಾವ ಮಾತುಕತೆಯೂ ಬೇಡ ಎಂದಿತು. ಕೆಲವು ತಿಂಗಳ ಮೇಲೆ ಸರ್ಕಾರ ಲಿಖಿತ ಭರವಸೆ ಕೊಟ್ಟ ಮೇಲಷ್ಟೇ ಬಾಗಿಲು ತೆರೆಯಿತು. ಮರುವರ್ಷದ ಫೆಬ್ರುವರಿಯಲ್ಲಿ ದೆಹಲಿಯಲ್ಲೇ ಏಷ್ಯನ್ ಕುಸ್ತಿ ನಡೆದು, ಪಾಕಿಸ್ತಾನದ ಪೈಲ್ವಾನರೂ ಬಂದರು. ಅಲ್ಲಿ 55 ಕೆ.ಜಿ. ಗ್ರೀಕೊ-ರೋಮನ್ ವಿಭಾಗದಲ್ಲಿ ಕಂಚು ಗೆದ್ದವರು ನಮ್ಮ ಜಿಲ್ಲೆಯ ಅರ್ಜುನ್ ಹಲಕುರ್ಕಿ. ಆ ಬಾಗಿಲು ತೆರೆಯದಿದ್ದರೆ ನಮ್ಮ ಪೈಲ್ವಾನ ತವರಿನ ಮ್ಯಾಟ್ ಮೇಲೆ ನಿಲ್ಲುತ್ತಿರಲಿಲ್ಲ.

ನೋಡುವ ಜನರೂ ದೇಶದ ಮುಖವೇ. 1996ರ ಮಾರ್ಚ್ 13ರಂದು ಈಡನ್ ಗಾರ್ಡನ್ಸ್‌ನಲ್ಲಿ ವಿಶ್ವಕಪ್ ಸೆಮಿಫೈನಲ್ ಸೋಲುವುದು ಖಾತ್ರಿಯಾದಾಗ ಬಾಟಲಿ ತೂರಿ, ಬೆಂಕಿ ಹಚ್ಚಿ, ಪಂದ್ಯವನ್ನೇ ನಿಲ್ಲಿಸಿದೆವು. ಮೂರು ವರ್ಷದ ಮೇಲೆ, 1999ರ ಜನವರಿ 31ರಂದು, ಚೆನ್ನೈ ಟೆಸ್ಟ್‌ನಲ್ಲಿ ಸಚಿನ್ 136 ಹೊಡೆದೂ ಭಾರತ 12 ರನ್‌ಗಳಿಂದ ಪಾಕಿಸ್ತಾನಕ್ಕೆ ಸೋತಿತು. ಚೆಪಾಕ್‌ನ ಜನ ಒಂದು ಕ್ಷಣ ಸುಮ್ಮನಿದ್ದು, ಆಮೇಲೆ ಎದ್ದು ನಿಂತು ಚಪ್ಪಾಳೆ ತಟ್ಟಿದರು. ವಸೀಂ ಅಕ್ರಂ ತಂಡ ಮೈದಾನದ ಸುತ್ತ ಓಡಿ ವಂದಿಸಿತು. ಅದಕ್ಕೆ ಸರ್ಕಾರ ಒಂದು ರೂಪಾಯಿ ಖರ್ಚು ಮಾಡಿರಲಿಲ್ಲ. ಭಾರತದ ಬಗ್ಗೆ ಅದಕ್ಕಿಂತ ಒಳ್ಳೆಯ ಜಾಹೀರಾತು ನಾನು ಕಂಡಿಲ್ಲ.

ಈಗ ನಮ್ಮ ರಾಜಧಾನಿ ಬೆಂಗಳೂರಿಗೆ ಬರೋಣ. 2025ರ ಜೂನ್ 3ರ ರಾತ್ರಿ ಆರ್‌ಸಿಬಿ ಕಪ್ ಗೆದ್ದಾಗ ವಿದ್ಯಾಗಿರಿಯ ಹಾಸ್ಟೆಲ್ ಹುಡುಗರು ಬೀದಿಗಿಳಿದು ಕುಣಿದರು. ನಾನೂ ಬಾಗಿಲಲ್ಲಿ ನಿಂತು ನಕ್ಕೆ. ಮಾರನೇ ದಿನ ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳ ಬಳಿ ನೂಕುನುಗ್ಗಲಿಗೆ ಹನ್ನೊಂದು ಜನ ಸತ್ತರು. ಒಳಗೆ ಸನ್ಮಾನ ನಡೆದೇ ಇತ್ತು. ಅಂಥ ದೊಡ್ಡ ಜನಜಂಗುಳಿಗೆ ಈ ಕ್ರೀಡಾಂಗಣ ಸುರಕ್ಷಿತವಲ್ಲ, ಒಳಬರುವ ಹೊರಹೋಗುವ ದಾರಿಗಳೇ ಸಾಲವು ಎಂದು ನ್ಯಾಯಮೂರ್ತಿ ಜಾನ್ ಮೈಕೆಲ್ ಡಿಕುನ್ಹಾ ಆಯೋಗ ಹೇಳಿತು.

ಅದೇ ವರ್ಷದ ಮಹಿಳಾ ಕ್ರಿಕೆಟ್ ವಿಶ್ವಕಪ್‌ನ ಉದ್ಘಾಟನಾ ಪಂದ್ಯ ಬೆಂಗಳೂರಿನಲ್ಲಿ ಆಗಬೇಕಿತ್ತು. ಒಂದು ಸೆಮಿಫೈನಲ್ ಇಲ್ಲೇ. ಪಾಕಿಸ್ತಾನ ಫೈನಲ್ ತಲುಪದಿದ್ದರೆ ಫೈನಲ್ಲೂ ಇಲ್ಲೇ. ಪೊಲೀಸರ ಅನುಮತಿ ಸಿಗದೆ ಆಗಸ್ಟ್‌ನಲ್ಲಿ ಐಸಿಸಿ ಬೆಂಗಳೂರನ್ನು ಕೈಬಿಟ್ಟು ನವಿ ಮುಂಬೈಯನ್ನು ಹಿಡಿಯಿತು. ಅಕ್ಟೋಬರ್ 30ರಂದು ಜೆಮಿಮಾ ರಾಡ್ರಿಗಸ್ ಅಜೇಯ 127 ಹೊಡೆದು ಆಸ್ಟ್ರೇಲಿಯಾವನ್ನು ಮಣಿಸಿದ್ದು ಅಲ್ಲಿ. ನವೆಂಬರ್ 2ರಂದು ಹರ್ಮನ್‌ಪ್ರೀತ್ ಕೌರ್ ಕಪ್ ಎತ್ತಿದ್ದೂ ಅಲ್ಲಿ. ಭಾರತದ ಹೆಣ್ಣುಮಕ್ಕಳ ಕ್ರಿಕೆಟ್ ಚರಿತ್ರೆಯಲ್ಲಿ ಇನ್ನು ಮುಂದೆ ನವಿ ಮುಂಬೈ ಹೆಸರು ಇರುತ್ತದೆ. ಬೆಂಗಳೂರಿನ ಹೆಸರು ಇರಬೇಕಾದ ಜಾಗ ಅದು. ನಮ್ಮಿಂದ ಅದನ್ನು ಯಾವ ವೈರಿಯೂ ಕಸಿದುಕೊಳ್ಳಲಿಲ್ಲ, ಗೇಟು ಕಸಿದುಕೊಂಡಿತು. ಇಷ್ಟು ಸಣ್ಣ ಕೆಲಸಕ್ಕೆ ಇಷ್ಟು ಉದಾಸೀನ ಮಾಡುವವರು 2036ರ ಒಲಿಂಪಿಕ್ಸ್‌ನಲ್ಲಿ ಪಾಲು ಕೇಳುವಾಗ ನನಗೆ ನಾಚಿಕೆಯಾಗುತ್ತದೆ.

2025ರ ನವೆಂಬರ್ 26ರಂದು ಗ್ಲಾಸ್ಗೋದಲ್ಲಿ 2030ರ ಕೂಟ ಅಹಮದಾಬಾದಿಗೆ ಎಂದು ಅಧಿಕೃತವಾದಾಗ ಟಿ.ವಿ.ಯವರು ಇಡೀ ಜಗತ್ತು ನಮ್ಮ ಮನೆ ಬಾಗಿಲಿಗೆ ಓಡಿಬಂದಂತೆ ಮಾತಾಡಿದರು. ಸ್ವಲ್ಪ ಹಿಂದಕ್ಕೆ ನೋಡಿ. 2026ರ ಕೂಟವನ್ನು ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ ಖರ್ಚಿಗೆ ಹೆದರಿ 2023ರಲ್ಲಿ ಬಿಟ್ಟುಕೊಟ್ಟಿತು. 2030ಕ್ಕೆ ಕಣ್ಣಿಟ್ಟಿದ್ದ ಕೆನಡಾದ ಆಲ್ಬರ್ಟಾ ಪ್ರಾಂತವೂ ಹಿಂದೆ ಸರಿಯಿತು. ವಿಕ್ಟೋರಿಯಾ ಬಿಟ್ಟ 2026ರ ಕೂಟಕ್ಕೆ ಗ್ಲಾಸ್ಗೋ ಒಪ್ಪಿಕೊಂಡದ್ದು ಹತ್ತೇ ಕ್ರೀಡೆಗಳಿಗೆ. ಕುಸ್ತಿ, ಹಾಕಿ, ಬ್ಯಾಡ್ಮಿಂಟನ್ ಎಲ್ಲ ಬಿಟ್ಟುಹೋದವು. ನಾವು ಮುಂದೆ ಬಂದದ್ದು ತಪ್ಪಲ್ಲ, ನಾನು ಅದರ ಪರವೇ. ಆದರೆ ಇದು ಮೆಚ್ಚುಗೆಯ ಪ್ರಮಾಣಪತ್ರವೇನೂ ಅಲ್ಲ.

2036ರ ಒಲಿಂಪಿಕ್ಸ್‌ಗಾಗಿ ಕೇಳುವಾಗ ಎದುರಿಗಿರುವವರ ಮೇಜಿನ ಮೇಲೆ ಇನ್ನೊಂದು ಕಾಗದ ಇರುತ್ತದೆ. ಉದ್ದೀಪನ ಮದ್ದಿನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದವರ ಪಟ್ಟಿಯಲ್ಲಿ, ಹೆಚ್ಚು ಪರೀಕ್ಷೆ ನಡೆಸುವ ದೇಶಗಳ ಪೈಕಿ, ಭಾರತ ಸತತವಾಗಿ ಮೇಲಿದೆ. 2023ರ ಸೆಪ್ಟೆಂಬರ್‌ನಲ್ಲಿ ದೆಹಲಿ ರಾಜ್ಯ ಅಥ್ಲೆಟಿಕ್ಸ್ ಕೂಟಕ್ಕೆ ಮದ್ದು ಪರೀಕ್ಷೆಯವರು ಬಂದಿದ್ದಾರೆಂದು ಗೊತ್ತಾಗಿ, ನೂರು ಮೀಟರ್ ಫೈನಲ್‌ನಲ್ಲಿ ಓಡಿದ್ದು ಒಬ್ಬನೇ. ಉಳಿದ ಏಳು ಲೇನ್ ಖಾಲಿ. ಅದೂ ನಾಯಿ ಕಚ್ಚಿದ ಅದೇ ನೆಹರೂ ಕ್ರೀಡಾಂಗಣದಲ್ಲಿ. ಪಿ.ಟಿ. ಮಾಸ್ತರನಾಗಿ ಬಾಳಿದವನಿಗೆ ಆ ಖಾಲಿ ಲೇನ್‌ಗಳಷ್ಟು ನೋವು ಕೊಡುವ ಚಿತ್ರ ಬೇರೊಂದಿಲ್ಲ.

ಕೂಟ ಇರಲಿ ಬಿಡಲಿ, ಹೊರಗಿನವರು ನಮ್ಮನ್ನು ನೋಡುತ್ತಲೇ ಇರುತ್ತಾರೆ. ಚಳಿಗಾಲದಲ್ಲಿ ಬಾದಾಮಿಗೆ ಹೋದರೆ ಬೆನ್ನಿಗೆ ಹಗ್ಗದ ಗಂಟು ಕಟ್ಟಿಕೊಂಡ ವಿದೇಶಿ ಹುಡುಗ ಹುಡುಗಿಯರು ಕಾಣುತ್ತಾರೆ. ಕೆಂಪು ಮರಳುಗಲ್ಲಿನ ಬಂಡೆ ಹತ್ತಲು ಬಂದವರು. ಆ ಆಟ ಈಗ ಒಲಿಂಪಿಕ್ಸ್‌ನಲ್ಲೂ ಇದೆ. ಅವರನ್ನು ಕರೆಯಲು ಯಾರೂ ಸಮಿತಿ ಮಾಡಿಲ್ಲ. ಖಾನಾವಳಿಯಲ್ಲಿ ಕೂತು ಖಡಕ್ ರೊಟ್ಟಿ, ಶೇಂಗಾ ಚಟ್ನಿ ತಿನ್ನುತ್ತಾರೆ. ಮಾತಾಡಿಸಿದರೆ ಜನರನ್ನು ಹೊಗಳುತ್ತಾರೆ, ಚರಂಡಿಯನ್ನು ಬೈಯುತ್ತಾರೆ. ಎರಡೂ ನಿಜ. ಭಾರತ ಹೇಗಿದೆ ಎಂದು ಅವರು ಊರಿಗೆ ಹೋಗಿ ಹೇಳುವುದನ್ನು ಯಾವ ಉದ್ಘಾಟನಾ ಸಮಾರಂಭವೂ ಬದಲಿಸಲಾರದು. ಚರಂಡಿ ಸರಿಪಡಿಸಿದರೆ ಬದಲಾಗಬಹುದು.

ನನ್ನ ಬೇಡಿಕೆಗಳು ಸಣ್ಣವು. 2030ರ ಕಾಮಗಾರಿ ನಡೆಯುವ ಪ್ರತಿ ಜಾಗದಲ್ಲೂ ಕೂಲಿ ಎಷ್ಟು, ಗುತ್ತಿಗೆದಾರ ಯಾರು ಎಂಬ ಫಲಕ ಕನ್ನಡವೂ ಸೇರಿ ಕಾರ್ಮಿಕರ ಭಾಷೆಗಳಲ್ಲಿ ಇರಲಿ. ಖರ್ಚಿನ ಲೆಕ್ಕವನ್ನು ಕೂಟ ಮುಗಿದ ಮೇಲಲ್ಲ, ವರ್ಷ ವರ್ಷವೂ ಸಂಸತ್ತಿನ ಮುಂದಿಡಲಿ. ಸೈಕ್ಲಿಂಗ್ ಮಕ್ಕಳ ಸನ್ಮಾನಕ್ಕೆ ಬರುವ ನಮ್ಮ ಜಿಲ್ಲೆಯ ಜನಪ್ರತಿನಿಧಿಗಳು ಶಾಲು ಹೊದಿಸುವ ಮೊದಲು ಲಾರಿಗಳಿಲ್ಲದ ಒಂದು ದಾರಿ ಮಾಡಿಕೊಡಲಿ. ಬೆಂಗಳೂರಿಗೆ ಪಂದ್ಯ ನೋಡಲು ಹೋಗುವ ಓದುಗರಲ್ಲಿ ನನ್ನದೊಂದು ಕೋರಿಕೆ: ಸೀಟಿನಲ್ಲಿ ಕೂರುವ ಮೊದಲು ಗೇಟಿನ ಅಗಲ ನೋಡಿ, ಹೊರದಾರಿ ಎಲ್ಲಿದೆ ನೋಡಿ, ಕುಡಿಯುವ ನೀರು, ಶೌಚಾಲಯ ನೋಡಿ. ಸರಿಯಿಲ್ಲದಿದ್ದರೆ ಪೊಲೀಸರಿಗೂ ಪತ್ರಿಕೆಗೂ ಬರೆಯಿರಿ. ಲಂಡನ್ನಿನ ಪತ್ರಕರ್ತ ಬರೆಯುವ ತನಕ ಕಾಯಬೇಡಿ.